ಥ್ಯಾಂಕ್ಸ್‌ಗಿವಿಂಗ್ ಟರ್ಕಿಯನ್ನು ಇಡಿಯಾಗಿ ರೋಸ್ಟ್ ಮಾಡದೆ ಬೇಯಿಸುವುದು ಹೇಗೆ?

ಪ್ರಶ್ನೆ: ಅಮೆರಿಕದಲ್ಲಿ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ 12 ಪೌಂಡಿನ ಫ್ರೋಜನ್ ಟರ್ಕಿ ತಂದಾಗಿದೆ. ಇರುವುದು ಒಂದೇ ಓವನ್, ಉಳಿದ ಅಡುಗೆಯೂ ಅದರಲ್ಲೇ ಆಗಬೇಕು. ಎದೆಭಾಗ ಒಣಗದಂತೆ ಬೇರೆ ದಾರಿ ಇದೆಯೇ?

ಉತ್ತರ: ಕತ್ತರಿಸಿಬಿಡಿ. ಇಡೀ ಹಕ್ಕಿಯನ್ನು ತಟ್ಟೆಯಲ್ಲಿಟ್ಟು ಫೋಟೊ ತೆಗೆಯಲೇಬೇಕು ಎಂಬ ಹಟ ಇಲ್ಲದಿದ್ದರೆ ಇಡಿಯಾಗಿ ಬೇಯಿಸಲು ಬೇರೆ ಕಾರಣವೇ ಇಲ್ಲ. ಎದೆಮಾಂಸ 165 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ನಾರಾಗುತ್ತದೆ. ತೊಡೆ ಮತ್ತು ಕಾಲು 165ಕ್ಕೆ ಬೆಂದಿರುತ್ತವೆ ನಿಜ, ಆದರೆ 175–180 ಮುಟ್ಟುವವರೆಗೆ ರಬ್ಬರಿನಂತೆಯೇ ಇರುತ್ತವೆ. ಎರಡನ್ನೂ ಒಂದೇ ಓವನ್ನಿನಲ್ಲಿ ಒಂದೇ ಹೊತ್ತು ಇಟ್ಟರೆ ಯಾವುದಾದರೂ ಒಂದು ಕೆಡಲೇಬೇಕು. ಹಾಗಾಗಿ ಕಾಲುಗಳು ಬುಧವಾರವೇ ಕುಕ್ಕರಿಗೆ, ಎದೆ ಮಾತ್ರ ಗುರುವಾರ ಓವನ್ನಿಗೆ.

ಮೊದಲು ಐಸ್ ಬಿಡಿಸುವ ಲೆಕ್ಕ. ಫ್ರಿಜ್ಜಿನಲ್ಲಿ ಪ್ರತಿ 4–5 ಪೌಂಡಿಗೆ ಒಂದು ಪೂರ್ತಿ ದಿನ ಬೇಕು, ಅಂದರೆ ನಿಮ್ಮದಕ್ಕೆ ಮೂರು ದಿನ. ಶನಿವಾರ ಬೆಳಗ್ಗೆಯೇ ಫ್ರೀಜರಿನಿಂದ ಕೆಳಗಿಳಿಸಿ, ರಸ ಸೋರುತ್ತದೆ, ಅಡಿಗೆ ಟ್ರೇ ಇಡಿ. ಮರೆತು ಹೋದರೆ ಪ್ಯಾಕೆಟ್ ಸಮೇತ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಪೌಂಡಿಗೆ ಅರ್ಧ ಗಂಟೆಯಂತೆ ಆರು ಗಂಟೆ. ಹೀಗೆ ಬಿಡಿಸಿದ್ದನ್ನು ಕೂಡಲೇ ಬೇಯಿಸಬೇಕು. ಊರಿನ ಅಭ್ಯಾಸದಂತೆ ಅರಿಸಿನ ಹಾಕಿ ಸಿಂಕಿನಲ್ಲಿ ತೊಳೆಯಲು ಹೋಗಬೇಡಿ, ಹಸಿಮಾಂಸದ ನೀರು ಸುತ್ತಲಿನ ಪಾತ್ರೆಗಳಿಗೆಲ್ಲ ಸಿಡಿಯುತ್ತದೆ. ಪೇಪರ್ ಟವೆಲ್ ಒತ್ತಿ ಒರೆಸಿದರೆ ಸಾಕು. ಹೊಟ್ಟೆಯೊಳಗೆ, ಕತ್ತಿನ ಪೊಳ್ಳಿನೊಳಗೆ ಕೈಹಾಕಿ ನೋಡಿ. ಈಲಿ (ಲಿವರ್), ಗಿಜರ್ಡ್ ತುಂಬಿದ ಪುಟ್ಟ ಚೀಲವೂ ಕತ್ತಿನ ತುಂಡೂ ಅಲ್ಲಿರುತ್ತವೆ.

ಕತ್ತರಿಸುವುದು ಕೋಳಿಯ ಹಾಗೇ, ಗಾತ್ರ ಮಾತ್ರ ದೊಡ್ಡದು. ಕಾಲನ್ನು ಹೊರಗೆ ಎಳೆದು, ತೊಡೆಗೂ ಎದೆಗೂ ನಡುವಿನ ಚರ್ಮ ಸೀಳಿ. ತೊಡೆಯನ್ನು ಬೆನ್ನಿನ ಕಡೆಗೆ ಜೋರಾಗಿ ಮಡಚಿದರೆ ಕೀಲಿನ ಗುಂಡು ಟಕ್ ಎಂದು ಹೊರಬರುತ್ತದೆ. ಚಾಕು ಆ ಸಂದಿಯಲ್ಲಿ ಹೋಗಬೇಕು. ಮೂಳೆ ಕಡಿಯಬೇಕಾಗಿ ಬಂತೆಂದರೆ ಚಾಕು ತಪ್ಪು ಜಾಗದಲ್ಲಿದೆ. ಆಮೇಲೆ ಗಟ್ಟಿ ಕತ್ತರಿಯಿಂದ ಪಕ್ಕೆಲುಬಿನ ಗುಂಟ ಬೆನ್ನುಮೂಳೆಯನ್ನು ಬಿಡಿಸಿ. ಮೂಳೆಸಹಿತ ಎದೆ ಸುಮಾರು 5 ಪೌಂಡ್, ಎರಡು ಕಾಲು ಸೇರಿ ಸುಮಾರು 3 ಪೌಂಡ್ ಸಿಗುತ್ತದೆ.

ಉಪ್ಪು ಹಚ್ಚುವ ಮುನ್ನ ಲೇಬಲ್ ಓದಿ. ಇಷ್ಟು ಶೇಕಡಾ ‘ಸೊಲ್ಯೂಷನ್’ ಸೇರಿಸಿದೆ ಎಂದು ಬರೆದಿದ್ದರೆ ಕಾರ್ಖಾನೆಯಲ್ಲೇ ಉಪ್ಪುನೀರು ಚುಚ್ಚಿದ್ದಾರೆ, ಮತ್ತೆ ಹಾಕಿದರೆ ಬಾಯಿಗಿಡಲು ಆಗುವುದಿಲ್ಲ. ಇಲ್ಲದಿದ್ದರೆ ಪೌಂಡಿಗೆ ಅರ್ಧ ಟೀ ಚಮಚ ಪುಡಿ ಉಪ್ಪು. ಎದೆಗೆ ಅದನ್ನು ಮಂಗಳವಾರ ರಾತ್ರಿಯೇ ಸವರಿ, ಫ್ರಿಜ್ಜಿನಲ್ಲಿ ಏನೂ ಮುಚ್ಚದೆ ಇಡಿ. ಉಪ್ಪು ಮೊದಲು ನೀರು ಬಿಡಿಸುತ್ತದೆ, ಆ ನೀರು ತಿರುಗಿ ಒಳಗಿಳಿಯುತ್ತದೆ, ಚರ್ಮ ಒಣಗಿ ಗರಿಗರಿಯಾಗಲು ತಯಾರಾಗುತ್ತದೆ. ಹೀಗೆ ಮಾಡಿದರೆ ಬಕೆಟ್ ತುಂಬ ಉಪ್ಪುನೀರಿನಲ್ಲಿ ಮುಳುಗಿಸಿಡುವ ಪಾಡು ಬೇಕಿಲ್ಲ.

ಬುಧವಾರ ತೊಡೆ, ಕಾಲು ಬಿಡಿಸಿ ಸ್ವಲ್ಪ ಎಣ್ಣೆಯಲ್ಲಿ ಕೆಂಪಗೆ ಹುರಿಯಿರಿ. ಈರುಳ್ಳಿ, ಬೆಳ್ಳುಳ್ಳಿ, ಕಾಳುಮೆಣಸು, ಒಂದು ಕಪ್ ನೀರು ಹಾಕಿ ಇನ್‌ಸ್ಟಂಟ್ ಪಾಟಿನಲ್ಲಿ (ಎಲೆಕ್ಟ್ರಿಕ್ ಕುಕ್ಕರ್) ಹೈ ಪ್ರೆಷರ್‌ನಲ್ಲಿ 40 ನಿಮಿಷ, ಆಮೇಲೆ 15 ನಿಮಿಷ ತಾನಾಗಿ ಆರಲಿ. ಸೀಟಿ ಕುಕ್ಕರಾದರೆ ಮೊದಲ ಸೀಟಿಯ ನಂತರ ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಟರ್ಕಿಯ ಕಾಲಿನಲ್ಲಿ ಕಡ್ಡಿಯಂತಹ ಗಟ್ಟಿ ನರಗಳಿರುತ್ತವೆ, ಎಷ್ಟು ಬೇಯಿಸಿದರೂ ಕರಗುವುದಿಲ್ಲ. ಮೀನಿನ ಮುಳ್ಳು ತೆಗೆದಂತೆ ಬಿಸಿ ಇರುವಾಗಲೇ ಎಳೆದು ತೆಗೆಯಿರಿ, ಮಾಂಸ ಎಳೆಎಳೆಯಾಗಿ ಬಿಡುತ್ತದೆ. ಫ್ರಿಜ್ಜಿಗಿಟ್ಟು ಮರುದಿನ ಅದೇ ರಸದಲ್ಲಿ ಬಿಸಿಮಾಡಿ. ಮೆಣಸು ಜಾಸ್ತಿ ಹಾಕಿ ಪೆಪ್ಪರ್ ಮಸಾಲೆ ಮಾಡಿದರೂ ಇದಕ್ಕೆ ಒಪ್ಪುತ್ತದೆ, ಎದೆಗೆ ಒಪ್ಪುವುದಿಲ್ಲ.

ಗುರುವಾರ ಎದೆಗೆ ಬೆಣ್ಣೆ ಸವರಿ, ಚರ್ಮ ಮೇಲಾಗಿ, 350 ಡಿಗ್ರಿಯಲ್ಲಿಡಿ. ಒಂದೂವರೆ ಗಂಟೆ ಹಿಡಿಯಬಹುದು, ಒಂದು ಗಂಟೆಯಿಂದಲೇ ಪರೀಕ್ಷಿಸಿ. ಥರ್ಮಾಮೀಟರಿನ ಮೊನೆ ಅತಿ ದಪ್ಪ ಜಾಗದಲ್ಲಿರಲಿ, ಮೂಳೆಗೆ ತಾಗಬಾರದು, ತಾಗಿದರೆ ಸುಳ್ಳು ಅಂಕಿ ತೋರಿಸುತ್ತದೆ. 160ಕ್ಕೆ ಹೊರತೆಗೆದು 20 ನಿಮಿಷ ಬಿಟ್ಟರೆ ಒಳಗಿನ ಕಾವಿನಿಂದಲೇ 165ಕ್ಕೆ ಏರುತ್ತದೆ. ಏರದಿದ್ದರೆ ಮತ್ತೆ ಐದು ನಿಮಿಷ ಒಳಗಿಡಿ. 165 ಅಮೆರಿಕದ ಕೃಷಿ ಇಲಾಖೆ ಹೇಳುವ ಸುರಕ್ಷಿತ ಮಟ್ಟ. ಟರ್ಕಿಗೆ ಚುಚ್ಚಿಯೇ ಬರುವ ಪ್ಲಾಸ್ಟಿಕ್ ಟೈಮರನ್ನು ನಂಬಬೇಡಿ, ಅದು ಮೇಲೆದ್ದಿತೆಂದರೆ ಎದೆ ಒಣಗಿತೆಂದೇ ಅರ್ಥ. ಎದೆ ವಿಶ್ರಮಿಸುವ ಹೊತ್ತಿಗೆ ಓವನ್ ಉಳಿದ ಅಡುಗೆಗೆ ಖಾಲಿ.

ಟೇಬಲ್ಲಿನ ಮೇಲೆ ಹಕ್ಕಿಯ ಆಕಾರ ಬೇಕೇ ಬೇಕು ಎನ್ನುವುದಾದರೆ ಬೆನ್ನುಮೂಳೆ ಮಾತ್ರ ತೆಗೆದು, ಎದೆಯ ನಡುವೆ ಅಂಗೈ ಒತ್ತಿ ಚಪ್ಪಟೆ ಮಾಡಿ. 425 ಡಿಗ್ರಿಯಲ್ಲಿ 80–90 ನಿಮಿಷ ಸಾಕು, ಕಾಲುಗಳು ಹೊರ ಅಂಚಿಗೆ ಬರುವುದರಿಂದ ಎದೆಗಿಂತ ಬೇಗ ಕಾಯುತ್ತವೆ. ದೊಡ್ಡ ಟ್ರೇ ಬೇಕು, ಅಷ್ಟೇ.

ಎಣ್ಣೆಯಲ್ಲಿ ಕರಿಯುವುದು ನಿಮಗಲ್ಲ. ರುಚಿ ಅದ್ಭುತ, ಪೌಂಡಿಗೆ ಮೂರು–ಮೂರೂವರೆ ನಿಮಿಷದಲ್ಲಿ ಮುಗಿಯುತ್ತದೆ. ಆದರೆ 350 ಡಿಗ್ರಿಯ ಮೂರು ಗ್ಯಾಲನ್‌ಗೂ ಮಿಕ್ಕ ಕಡಲೆಕಾಯಿ ಎಣ್ಣೆಗೆ ಐಸ್ ಪೂರ್ತಿ ಬಿಡದ ಟರ್ಕಿ ಇಳಿದರೆ ನೀರು ಒಮ್ಮೆಲೇ ಹಬೆಯಾಗಿ ಎಣ್ಣೆ ಉಕ್ಕಿ ಕೆಳಗಿನ ಬರ್ನರಿಗೆ ಬೀಳುತ್ತದೆ. ಬಾಲ್ಕನಿ, ಗ್ಯಾರೇಜು, ಮರದ ಡೆಕ್ಕು ಎಲ್ಲೂ ಕೂಡದು. ಬಯಲು ಅಂಗಳ ಇರುವ ಗೆಳೆಯರ ಮನೆಯಲ್ಲಿ ಮಾಡುವುದಾದರೆ ಮೊದಲು ಅದೇ ಪಾತ್ರೆಯಲ್ಲಿ ಟರ್ಕಿ ಇಟ್ಟು ಅದು ಮುಳುಗುವಷ್ಟೇ ನೀರು ಹಾಕಿ, ಟರ್ಕಿ ಹೊರತೆಗೆದ ಮೇಲೆ ನೀರು ನಿಂತ ಮಟ್ಟಕ್ಕೆ ಗುರುತು ಹಾಕಿ. ಎಣ್ಣೆ ಅಲ್ಲಿಯವರೆಗೆ ಮಾತ್ರ. ಆಮೇಲೆ ಪಾತ್ರೆ, ಹಕ್ಕಿ ಎರಡನ್ನೂ ಹನಿ ಇಲ್ಲದಂತೆ ಒರೆಸಿ. ಇಳಿಸುವಾಗ ಬರ್ನರ್ ಆರಿಸಿರಬೇಕು.

ತೆಗೆದಿಟ್ಟ ಬೆನ್ನುಮೂಳೆ, ಕತ್ತನ್ನು ಎಸೆಯಬೇಡಿ. ಕೆಂಪಗೆ ಹುರಿದು, ಒಂದು ಈರುಳ್ಳಿ, ಆರು ಕಪ್ ನೀರಿನೊಂದಿಗೆ ಕುಕ್ಕರಿನಲ್ಲಿ 45 ನಿಮಿಷ ಬೇಯಿಸಿ ಸೋಸಿ. ಮೂರು ಟೇಬಲ್ ಚಮಚ ಬೆಣ್ಣೆಯಲ್ಲಿ ಅಷ್ಟೇ ಮೈದಾ ಹಸಿವಾಸನೆ ಹೋಗುವವರೆಗೆ ಹುರಿದು, ಎರಡು ಕಪ್ ಸೋಸಿದ ರಸವನ್ನು ಸ್ವಲ್ಪಸ್ವಲ್ಪವೇ ಸುರಿಯುತ್ತ ತಿರುವಿದರೆ ಗ್ರೇವಿ. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ಉಪ್ಪನ್ನು ಕೊನೆಗೆ, ಎದೆಯಿಂದ ಟ್ರೇಗೆ ಇಳಿದ ರಸ ಸೇರಿಸಿ ರುಚಿ ನೋಡಿದ ಮೇಲೆಯೇ ಹಾಕಿ.