ಒಳಗೆ 500, ಹೊರಗೆ ಸೊನ್ನೆ

ಪ್ರಶ್ನೆ: ನನ್ನ ಸಿ ಪ್ರೋಗ್ರಾಮಿನಲ್ಲಿ ‘ಇಫ್’ ಒಳಗೆ ಟೋಟಲ್ 500 ಎಂದು ಪ್ರಿಂಟ್ ಆಗುತ್ತದೆ. ಬ್ಲಾಕ್ ಮುಗಿದ ಮೇಲೆ ಅದೇ ಟೋಟಲ್ 0! ಎರರ್ ಕೂಡ ಇಲ್ಲ. ಯಾಕೆ?

ಉತ್ತರ: ನೀವು ಕಳಿಸಿದ ಕೋಡ್ ನೋಡಿದೆ. ಮೇಲೆ ‘ಇಂಟ್ ಟೋಟಲ್ = 0’ ಇದೆ. ಇಫ್ ಒಳಗೆ ಮತ್ತೆ ‘ಇಂಟ್ ಟೋಟಲ್ = 500’ ಎಂದು ಬರೆದಿದ್ದೀರಿ. ಆ ಎರಡನೇ ‘ಇಂಟ್’ನಿಂದಲೇ ಇಷ್ಟೆಲ್ಲ. ಅದು ಹಳೆಯ ಟೋಟಲ್ ಅನ್ನು ಬದಲಿಸುವುದಿಲ್ಲ, ಅದೇ ಹೆಸರಿನ ಹೊಸ ವೇರಿಯಬಲ್ ಹುಟ್ಟಿಸುತ್ತದೆ. ಬ್ರೇಸ್ ಮುಚ್ಚಿದ ಕೂಡಲೇ ಹೊಸದು ಹೋಯ್ತು, ಹೊರಗಿನ ಸೊನ್ನೆ ಹಾಗೇ ಉಳಿಯಿತು. ಒಳಗಿನ ‘ಇಂಟ್’ ಅಳಿಸಿ, ಸಾಕು.

ಸಿ ನಿಯಮ ಇದನ್ನು ಒಪ್ಪುತ್ತದೆ, ಅದಕ್ಕೇ ಕಂಪೈಲರ್ ಸುಮ್ಮನಿತ್ತು. ನಿಮ್ಮ ಕಂಪೈಲರ್ ಜಿಸಿಸಿ ಆದರೆ, ಹೀಗೆ ಒಳಗಿನ ಹೆಸರು ಹೊರಗಿನದನ್ನು ಮರೆಮಾಡಿದಾಗ ಎಚ್ಚರಿಸುವ ‘-ಡಬ್ಲ್ಯೂಶ್ಯಾಡೋ’ (-Wshadow) ಆಯ್ಕೆ ಹಾಕಿ. ಸಾಮಾನ್ಯ ಎಚ್ಚರಿಕೆಗಳನ್ನು ಆನ್ ಮಾಡುವ ‘-ಡಬ್ಲ್ಯೂಆಲ್’ (-Wall) ಒಂದೇ ಇದನ್ನು ಹಿಡಿಯುವುದಿಲ್ಲ. ನಾನಂತೂ ವಿದ್ಯಾರ್ಥಿಗಳಿಗೆ ಮೊದಲ ದಿನವೇ ‘-ಡಬ್ಲ್ಯೂಶ್ಯಾಡೋ’ ಆನ್ ಮಾಡಿಸುತ್ತೇನೆ. ಜಾವಾದಲ್ಲಿ ಇದೇ ಕೋಡ್ ಕಂಪೈಲೇ ಆಗುತ್ತಿರಲಿಲ್ಲ.