ವಿದೇಶಿ ಬಂಡವಾಳ ಬಂದರೆ ಗಾಳಿ ಕೆಡುತ್ತದೆಯೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ವಿದೇಶಿ ಬಂಡವಾಳ ಬಂದಷ್ಟೂ ಗಾಳಿ ಕೆಡುತ್ತದೆ ಎನ್ನುವವರಿದ್ದಾರೆ. ಹೊಸ ತಂತ್ರಜ್ಞಾನ ಬಂದು ಹೊಗೆ ತಗ್ಗುತ್ತದೆ ಎನ್ನುವವರೂ ಇದ್ದಾರೆ. ಯಾರ ಮಾತು ನಂಬಬೇಕು?

ಉತ್ತರ: ಎರಡೂ ಆಗಬಹುದು, ಲೆಕ್ಕ ಹಾಕದೆ ಹೇಳಲಾಗದು. ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದದ ಬಗ್ಗೆ 1991ರಲ್ಲಿ ಬರೆದ ಪ್ರಬಂಧದಲ್ಲಿ ಅರ್ಥಶಾಸ್ತ್ರಜ್ಞರಾದ ಜೀನ್ ಗ್ರಾಸ್‌ಮನ್ ಮತ್ತು ಅಲನ್ ಕ್ರೂಗರ್ ಪರಿಣಾಮವನ್ನು ಮೂರು ಭಾಗ ಮಾಡಿ ನೋಡಿದರು: ಉತ್ಪಾದನೆ ಎಷ್ಟು ಬೆಳೆಯಿತು, ಯಾವ ಉದ್ಯಮದ ಪಾಲು ಹೆಚ್ಚಿತು, ತಯಾರಿಸುವ ವಿಧಾನ ಎಷ್ಟು ಸುಧಾರಿಸಿತು. ಬಂಡವಾಳಕ್ಕೂ ಇದೇ ಅಳತೆಗೋಲು ಸಲ್ಲುತ್ತದೆ. ಉತ್ಪಾದನೆ ಶೇ 50ರಷ್ಟು ಏರಿತು, ಒಂದು ಟನ್ ಸರಕಿಗೆ ಹೊರಬೀಳುವ ಹೊಗೆ ಶೇ 20ರಷ್ಟು ಇಳಿಯಿತು ಎನ್ನಿ. 1.5ನ್ನು 0.8ರಿಂದ ಗುಣಿಸಿದರೆ 1.2. ಯಂತ್ರ ಸುಧಾರಿಸಿದರೂ ಒಟ್ಟು ಹೊಗೆ ಶೇ 20ರಷ್ಟು ಹೆಚ್ಚಾಯಿತು! ಮೊದಲಿನ ಮಟ್ಟದಲ್ಲೇ ನಿಲ್ಲಿಸಬೇಕೆಂದರೂ ಟನ್ನಿನ ಲೆಕ್ಕದ ಹೊಗೆ ಮೂರನೇ ಒಂದು ಪಾಲು ತಗ್ಗಬೇಕು. ಆದ್ದರಿಂದ ಟನ್ನಿನ ಲೆಕ್ಕವನ್ನಷ್ಟೇ ತೋರಿಸುವ ವರದಿಯನ್ನು ಒಪ್ಪಬೇಡಿ, ಒಟ್ಟು ಲೆಕ್ಕ ಕೇಳಿ. ಕಾರ್ಖಾನೆಗೆ ಚಿಮಣಿಯೇ ಇಲ್ಲದಿದ್ದರೂ ಅದು ಬಳಸುವ ವಿದ್ಯುತ್ ಕಲ್ಲಿದ್ದಲಿನದಾದರೆ ಹೊಗೆ ಇನ್ನೊಂದು ಊರಿನಲ್ಲಿ ಏಳುತ್ತದೆ. ಅದೂ ಈ ಲೆಕ್ಕಕ್ಕೇ ಸೇರಬೇಕು.

ಪ್ರಶ್ನೆ: ತಮ್ಮ ದೇಶದ ಬಿಗಿ ಕಾನೂನು ತಪ್ಪಿಸಿಕೊಳ್ಳಲೆಂದೇ ಕಂಪನಿಗಳು ಬಡ ದೇಶಕ್ಕೆ ಬರುತ್ತವಂತೆ, ನಿಜವೇ?

ಉತ್ತರ: ಮಾತಿನಲ್ಲಿ ಇರುವಷ್ಟು ಬಲ ಪುರಾವೆಯಲ್ಲಿಲ್ಲ. ಬಹುತೇಕ ಉದ್ಯಮಗಳಲ್ಲಿ ಮಾಲಿನ್ಯ ತಡೆಯುವ ಖರ್ಚು ಒಟ್ಟು ವೆಚ್ಚದ ಸಣ್ಣ ಪಾಲು. ಕೂಲಿ, ಮಾರುಕಟ್ಟೆ, ಬಂದರು, ವಿದ್ಯುತ್ತು ಅದಕ್ಕಿಂತ ಭಾರ. ಐವರಿ ಕೋಸ್ಟ್, ಮೆಕ್ಸಿಕೊ, ವೆನಿಜುವೆಲಾದ ಕಾರ್ಖಾನೆಗಳನ್ನು ಹೋಲಿಸಿ ಅರ್ಥಶಾಸ್ತ್ರಜ್ಞರಾದ ಎಸ್ಕೆಲಂಡ್ ಮತ್ತು ಹ್ಯಾರಿಸನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿದೇಶಿ ಒಡೆತನದವು ಸ್ಥಳೀಯರವುಗಳಿಗಿಂತ ಇಂಧನವನ್ನು ಹಿತಮಿತವಾಗಿ ಬಳಸುತ್ತಿದ್ದವು.

ಪ್ರಶ್ನೆ: ಹೊಸ ಕಾರ್ಖಾನೆ, ಹೊಸ ಫಿಲ್ಟರ್. ಆದರೂ ವರ್ಷ ಕಳೆಯುವುದರೊಳಗೆ ದೂಳು ಬೀಳತೊಡಗುತ್ತದೆ. ಏಕೆ?

ಉತ್ತರ: ಯಂತ್ರ ಕೂರಿಸುವುದು ಒಂದು, ಅದನ್ನು ದಿನವೂ ಸರಿಯಾಗಿ ನಡೆಸುವುದು ಇನ್ನೊಂದು. ಬಂಡವಾಳದ ಜೊತೆ ಮೊದಲನೆಯದು ಬರುತ್ತದೆ, ಎರಡನೆಯದು ಬಂದೇ ಬರುತ್ತದೆ ಎನ್ನಲಾಗದು. ಶೇ 99.5ರಷ್ಟು ದೂಳು ಹಿಡಿಯುತ್ತಿದ್ದ ಫಿಲ್ಟರ್ ಶೇ 98ಕ್ಕೆ ಇಳಿದರೆ ಕಾಗದದ ಮೇಲೆ ಅದು ಅಲ್ಪ ವ್ಯತ್ಯಾಸ. ಆದರೆ ನೂರು ಕಿಲೋ ದೂಳಿನಲ್ಲಿ ಅರ್ಧ ಕಿಲೋ ಹೊರಹೋಗುತ್ತಿದ್ದ ಕಡೆ ಈಗ ಎರಡು ಕಿಲೋ, ಅಂದರೆ ನಾಲ್ಕು ಪಟ್ಟು.

ಬಟ್ಟೆಯ ಚೀಲದ ಫಿಲ್ಟರ್ ಕೆಡುವುದು ಹೆಚ್ಚಾಗಿ ಶಾಖದಿಂದ. ಪಾಲಿಯೆಸ್ಟರ್ ಚೀಲ ಸುಮಾರು 135 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ. ಅದಕ್ಕಿಂತ ಬಿಸಿಯಾದ ಅನಿಲ ಹಾಯುತ್ತಿದ್ದರೆ ಬಟ್ಟೆ ಪೆಡಸಾಗಿ ಬಿರಿಯುತ್ತದೆ. ತೀರಾ ತಣ್ಣಗಾದರೂ ಕಷ್ಟವೇ: ನೀರಾವಿ ಮತ್ತು ಗಂಧಕದ ಆಮ್ಲ ಬಟ್ಟೆಯ ಮೇಲೆ ಹನಿಗಟ್ಟಿ, ದೂಳು ಕೆಸರಾಗಿ ಮೆತ್ತಿಕೊಳ್ಳುತ್ತದೆ. ಚೀಲದ ಎರಡು ಬದಿಯ ಒತ್ತಡದ ವ್ಯತ್ಯಾಸ ತೋರಿಸುವ ಮೀಟರ್ ನೋಡಿ. ಮುಳ್ಳು ಏರುತ್ತಲೇ ಹೋದರೆ ಚೀಲ ಕಟ್ಟಿಕೊಂಡಿದೆ, ಇದ್ದಕ್ಕಿದ್ದಂತೆ ಇಳಿದರೆ ಹರಿದಿರುವ ಸಾಧ್ಯತೆ ಹೆಚ್ಚು. ಆಗ ಬದಲಿ ಚೀಲ ದಾಸ್ತಾನಿನಲ್ಲಿ ಇರಬೇಕು. ಹೊರದೇಶದಿಂದ ತರಿಸಲು ತಿಂಗಳುಗಟ್ಟಲೆ ಕಾದರೆ ಅಷ್ಟು ದಿನವೂ ದೂಳು ಊರಿನ ಮೇಲೆ. ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಹೊಗೆಯಿಂದ ಗಂಧಕ ತೆಗೆಯುವ ಘಟಕದ್ದು ಬೇರೆ ಸಮಸ್ಯೆ. ಅದಕ್ಕೆ ಸುಣ್ಣದಕಲ್ಲು ಬೇಕು, ಸ್ಥಾವರದ ವಿದ್ಯುತ್ತಿನಲ್ಲಿ ಶೇ 1ರಿಂದ 2ರಷ್ಟು ಅದಕ್ಕೇ ಹೋಗುತ್ತದೆ. ನಿಲ್ಲಿಸಿದರೆ ಆ ವಿದ್ಯುತ್ತನ್ನು ಮಾರಬಹುದು ಎಂಬ ಆಸೆ ಹುಟ್ಟುತ್ತದೆ. ಹೀಗಾಗಿ ಚಿಮಣಿಯಲ್ಲೇ ನಿರಂತರ ಮಾಪಕವಿಟ್ಟು, ಅದರ ಅಂಕಿ ಎಲ್ಲರಿಗೂ ಕಾಣುವಂತಿರಬೇಕು ಎಂಬುದು ನಮ್ಮ ಗಟ್ಟಿ ನಿಲುವು.

ಪ್ರಶ್ನೆ: ಇದೇ ವಿಷಯದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ದತ್ತಾಂಶದಲ್ಲಿ ಎಲ್ಲಿ ಎಡವುತ್ತಾರೆ?

ಉತ್ತರ: ಮೊದಲು, ಇಂಗಾಲದ ಡೈಆಕ್ಸೈಡನ್ನು ವಾಯುಮಾಲಿನ್ಯದ ಬದಲಿಗೆ ಇಟ್ಟುಕೊಳ್ಳುವಲ್ಲಿ. ಅದರ ರಾಷ್ಟ್ರಮಟ್ಟದ ಅಂಕಿಯನ್ನು ಉರಿಸಿದ ಇಂಧನದಿಂದ ಲೆಕ್ಕ ಹಾಕುತ್ತಾರೆ, ಹಾಗಾಗಿ ಫಿಲ್ಟರ್ ಹಾಕಿದರೂ ಬಿಟ್ಟರೂ ಅಂಕಿ ಅಷ್ಟೇ. ನಿಮಗೆ ಬೇಕಾದದ್ದು ಪಿಎಂ 2.5 (ಗಾಳಿಯಲ್ಲಿನ ಅತಿ ಸೂಕ್ಷ್ಮ ದೂಳಿನ ಕಣ) ಮತ್ತು ಸಲ್ಫರ್ ಡೈಆಕ್ಸೈಡ್ (ಗಂಧಕದ ಅನಿಲ). ಎರಡನೆಯದಾಗಿ, ಕಂಪನಿಯ ಷೇರಿನ ಮೂಲಕ ಶೇ 10 ಮತಾಧಿಕಾರ ಕೊಂಡರೂ ಅದು ವಿದೇಶಿ ನೇರ ಹೂಡಿಕೆಯೇ. ಹಳೆಯ ಕಾರ್ಖಾನೆಯ ಷೇರು ಕೈಬದಲಾದ ದಿನ ಚಿಮಣಿಯಲ್ಲಿ ಏನೂ ಬದಲಾಗದು. ಹೊಸದಾಗಿ ಕಟ್ಟಿದ್ದನ್ನೂ ಕೊಂಡದ್ದನ್ನೂ ಬೇರೆಬೇರೆ ಇಡಿ. ಹೊಸದಕ್ಕೂ ಹಣ ಬಂದ ವರ್ಷವೇ ಹೊಗೆ ಏಳುವುದಿಲ್ಲ, ಕಟ್ಟಿ ಮುಗಿಯಲು ಹಿಡಿಯುವ ಕಾಲವನ್ನು ನಿಮ್ಮ ಲೆಕ್ಕಾಚಾರದ ಮಾದರಿಯಲ್ಲಿ ಸೇರಿಸಿ.