ಟೆಕ್ಸಾಸ್‌ಗೆ ಬರುತ್ತಿರುವ ತಂಗಿಗೆ

ತಂಗಿ, ನೀನು ಕೇಳಿದ್ದು ಎರಡು ಪ್ರಶ್ನೆ. ಗಂಡನ ಕೆಲಸದ ಮೇಲೆ ಡಲ್ಲಾಸ್‌ಗೆ ಬರುತ್ತಿದ್ದೀವಿ, ಮಗುವಿನ ಯೋಚನೆಯೂ ಇದೆ, ಅಲ್ಲಿಯ ಗರ್ಭಪಾತ ಕಾನೂನಿನ ಬಗ್ಗೆ ಓದಿ ಹೆದರಿಕೆಯಾಗುತ್ತಿದೆ ಅನ್ನುವುದು ಒಂದು. ಇಂಥ ಕಾನೂನಿಗೆ ವೋಟು ಹಾಕಿದ ಜನರ ಮಧ್ಯೆ ನೀವು ಇಷ್ಟು ವರ್ಷ ಹೇಗೆ ಬದುಕಿದಿರಿ ಅಕ್ಕಾ ಅನ್ನುವುದು ಇನ್ನೊಂದು. ಎರಡನೆಯದನ್ನೇ ಮೊದಲು ತಗೊಳ್ಳುತ್ತೇನೆ. ಯಾಕೆಂದರೆ ಟೆಕ್ಸಾಸ್ ಜನ ಈ ಕಾನೂನಿಗೆ ವೋಟು ಹಾಕಿಲ್ಲ. ಅವರನ್ನು ಯಾರೂ ಕೇಳಿಯೇ ಇಲ್ಲ.

2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟು, ಗರ್ಭಪಾತವನ್ನು ದೇಶಕ್ಕೆಲ್ಲ ಹಕ್ಕಾಗಿಸಿದ್ದ 1973ರ ರೋ ತೀರ್ಪನ್ನು ತೆಗೆದುಹಾಕಿ, ಗರ್ಭಪಾತದ ವಿಷಯವನ್ನು ರಾಜ್ಯಗಳಿಗೆ ಬಿಟ್ಟಿತು. ಆಮೇಲೆ ಎಲ್ಲೆಲ್ಲಿ ಈ ಪ್ರಶ್ನೆ ನೇರವಾಗಿ ಮತದಾರರ ಮುಂದೆ ಬಂತೋ ಅಲ್ಲೆಲ್ಲ ಏನಾಯಿತು ನೋಡು. ಅದೇ ಆಗಸ್ಟ್‌ನಲ್ಲಿ ಕಾನ್ಸಸ್‌ನಲ್ಲಿ ರಾಜ್ಯ ಸಂವಿಧಾನದಿಂದ ಈ ಹಕ್ಕನ್ನು ತೆಗೆಯುವ ಪ್ರಸ್ತಾಪಕ್ಕೆ ನೂರರಲ್ಲಿ ಸುಮಾರು 59 ಮಂದಿ ಬೇಡ ಅಂದರು. ಅದು ಗರ್ಭಪಾತವನ್ನು ವಿರೋಧಿಸುವ ರಿಪಬ್ಲಿಕನ್ ಪಕ್ಷದ ಭದ್ರ ನೆಲೆ. 2023ರಲ್ಲಿ ಓಹಾಯೊದಲ್ಲಿ ಸುಮಾರು 57ರಷ್ಟು ಜನ ಹಕ್ಕಿನ ಪರ ನಿಂತರು. 2024ರ ನವೆಂಬರ್‌ನಲ್ಲಂತೂ ಮಿಸೌರಿಯ ಜನ ಒಂದೇ ಮತಪತ್ರದಲ್ಲಿ ಟ್ರಂಪ್‌ರನ್ನೂ ಗೆಲ್ಲಿಸಿದರು, ಗರ್ಭಪಾತದ ಹಕ್ಕನ್ನೂ ಗೆಲ್ಲಿಸಿದರು. ಅದೇ ದಿನ ಫ್ಲಾರಿಡಾದಲ್ಲಿ 57ರಷ್ಟು ಮಂದಿ ಹೌದು ಅಂದರೂ ಅಲ್ಲಿಯ ನಿಯಮಕ್ಕೆ 60 ಬೇಕಿತ್ತು, ಬಿದ್ದುಹೋಯಿತು. ಸೌತ್ ಡಕೋಟಾ, ನೆಬ್ರಾಸ್ಕಾ ಎರಡರಲ್ಲಿ ಜನರೇ ಈ ಹಕ್ಕನ್ನು ನೇರವಾಗಿ ತಿರಸ್ಕರಿಸಿದರು, ಅದನ್ನೂ ಹೇಳಬೇಕು.

ಟೆಕ್ಸಾಸ್‌ನಲ್ಲಿ ಈ ದಾರಿಯೇ ಇಲ್ಲ. ಸಹಿ ಸಂಗ್ರಹಿಸಿ ಒಂದು ಪ್ರಶ್ನೆಯನ್ನು ಮತಪತ್ರಕ್ಕೆ ತರುವ ಅಧಿಕಾರ ಇಲ್ಲಿಯ ನಾಗರಿಕರಿಗಿಲ್ಲ. ಶಾಸಕರು ಬರೆದದ್ದೇ ಕಾನೂನು. ಆ ಶಾಸಕರಲ್ಲಿ ಬಹಳ ಮಂದಿಯ ಸೋಲು ಗೆಲುವು ತೀರ್ಮಾನವಾಗುವುದು ನವೆಂಬರ್‌ನಲ್ಲಲ್ಲ, ಮಾರ್ಚ್‌ನ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸುವ ಮೊದಲ ಸುತ್ತಿನ ಮತದಾನದಲ್ಲಿ. ಅಲ್ಲಿಗೆ ಬಂದು ವೋಟು ಹಾಕುವವರು ಕಡಿಮೆ, ಹಟ ಇರುವವರು ಹೆಚ್ಚು. ವಿಧಾನಸಭೆ ಹೆದರುವುದು ಅವರಿಗೆ.

ನಮ್ಮ ಪಕ್ಕದ ಮನೆಯಾಕೆ ಭಾನುವಾರ ಚರ್ಚು ತಪ್ಪಿಸುವುದಿಲ್ಲ. ಚುನಾವಣೆ ಬಂದರೆ ಅಂಗಳದಲ್ಲಿ ರಿಪಬ್ಲಿಕನ್ ಬೋರ್ಡು ನೆಡುತ್ತಾರೆ. ನನ್ನ ಬಾಣಂತನದಲ್ಲಿ ಅಮ್ಮನ ವೀಸಾ ಆಗದೆ ಒದ್ದಾಡುತ್ತಿದ್ದಾಗ ವಾರಗಟ್ಟಲೆ ಮನೆಗೆ ಊಟ ತಂದುಕೊಟ್ಟವರು ಅವರೇ. ಹೋದ ವರ್ಷ ಅವರ ಮಗಳಿಗೆ ನಾಲ್ಕನೇ ತಿಂಗಳಲ್ಲಿ ರಕ್ತ ಹೋಗಲು ಶುರುವಾಯಿತು. ಆಸ್ಪತ್ರೆಯವರು ಕೂಸಿನ ಎದೆಬಡಿತ ಇನ್ನೂ ಇದೆ ಅಂತ ಮನೆಗೆ ಕಳಿಸಿದರು. ಜ್ವರ ಬಂದು ಎರಡನೇ ಸಲ ಹೋದಾಗ ಸೇರಿಸಿಕೊಂಡರು. ಹುಡುಗಿ ಉಳಿದಳು. ಬೇಲಿಯಾಚೆ ನಿಂತು ಆಕೆ ನನಗೆ ಹೇಳಿದ್ದು: "ಹೊಟ್ಟೆಯಲ್ಲಿರುವ ಕೂಸೂ ದೇವರ ಕೂಸೇ ಅಂತ ಈಗಲೂ ನಂಬಿದ್ದೀನಿ. ಆದರೆ ನನ್ನ ಮಗಳನ್ನು ಮುಟ್ಟುವ ಮೊದಲು ಡಾಕ್ಟರು ವಕೀಲರನ್ನು ಕೇಳಬೇಕು ಅಂತ ನಾನು ಯಾವತ್ತೂ ವೋಟು ಹಾಕಿಲ್ಲ." ಇಂಥವರನ್ನು ಯಾವ ಪಕ್ಷದ ಲೆಕ್ಕಕ್ಕೆ ಸೇರಿಸುತ್ತೀಯ? ಇಲ್ಲಿ ಇಂಥವರು ತುಂಬ ಜನ ಇದ್ದಾರೆ. ಅವರ ಮಧ್ಯೆ ಬದುಕುವುದು ಕಷ್ಟವಲ್ಲ.

ಇನ್ನು ನಿನ್ನ ಹೆದರಿಕೆ. ಜನ ಒಳ್ಳೆಯವರು ಅಂತ ಕಾನೂನನ್ನು ಹಗುರವಾಗಿ ತಗೊಳ್ಳಬೇಡ. 2022ರ ಆಗಸ್ಟ್ 25ರಿಂದ ಇಲ್ಲಿ ಗರ್ಭಪಾತ ಮಾಡಿದ ವೈದ್ಯರಿಗೆ ಜೀವಾವಧಿಯವರೆಗೂ ಶಿಕ್ಷೆಯಾಗಬಹುದು, ದಂಡ ಕನಿಷ್ಠ 1,00,000 ಡಾಲರ್. ಅತ್ಯಾಚಾರವಾದರೂ ವಿನಾಯಿತಿ ಇಲ್ಲ. ಮಗು ಬದುಕುವುದಿಲ್ಲ ಅಂತ ಸ್ಕ್ಯಾನಿನಲ್ಲಿ ಗೊತ್ತಾದರೂ ಇಲ್ಲ. 2023ರ ಡಿಸೆಂಬರ್‌ನಲ್ಲಿ ಡಲ್ಲಾಸ್ ಕಡೆಯ ಕೇಟ್ ಕಾಕ್ಸ್ ಎಂಬಾಕೆ ಟ್ರೈಸೋಮಿ 18 (ಮಗು ಸಾಮಾನ್ಯವಾಗಿ ಬದುಕುಳಿಯದಂಥ ವರ್ಣತಂತು ದೋಷ) ಇದ್ದ ಗರ್ಭವನ್ನು ತೆಗೆಸಲು ಅನುಮತಿ ಕೇಳಿ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟು ಒಪ್ಪಿತು, ರಾಜ್ಯದ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಅಷ್ಟರಲ್ಲಿ ಆಕೆ ಬೇರೆ ರಾಜ್ಯಕ್ಕೆ ಹೊರಟಾಗಿತ್ತು. ತಾಯಿಯ ಜೀವಕ್ಕೆ, ಇಲ್ಲವೇ ದೇಹದ ಮುಖ್ಯ ಅಂಗದ ಕೆಲಸಕ್ಕೆ ಗಂಭೀರ ಅಪಾಯವಿದ್ದರೆ ಮಾತ್ರ ಅವಕಾಶ. ಅಪಾಯ ತೀರಾ ಹತ್ತಿರ ಬರುವತನಕ ಕಾಯಬೇಕಿಲ್ಲ ಅಂತ 2025ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಒಳ್ಳೆಯದೇ, ಆದರೆ ವೈದ್ಯರ ತಲೆಯ ಮೇಲಿನ ಶಿಕ್ಷೆ ಹಾಗೇ ಇದೆ.

ಈ ಕಾಯುವಿಕೆ ಎಲ್ಲಿಗೆ ಮುಟ್ಟುತ್ತದೆ ಅಂತ ನಮಗೆ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೆಳಗಾವಿಯ ಹುಡುಗಿ, ದಂತವೈದ್ಯೆ ಸವಿತಾ ಹಾಲಪ್ಪನವರ್ ಐರ್ಲೆಂಡಿನ ಗಾಲ್ವೇಯಲ್ಲಿ 17 ವಾರದ ಗರ್ಭ ಉಳಿಯುವುದಿಲ್ಲ ಅಂತ ಗೊತ್ತಾದ ಮೇಲೆ ತೆಗೆದುಬಿಡಿ ಅಂತ ಕೇಳಿದಳು. ಎದೆಬಡಿತ ಇದೆ ಅಂತ ಮಾಡಲಿಲ್ಲ. ನಂಜೇರಿ 2012ರ ಅಕ್ಟೋಬರ್ 28ರಂದು ತೀರಿಕೊಂಡಳು. ಆಗ ಅವಳಿಗೆ 31 ವರ್ಷ. 2018ರಲ್ಲಿ ಐರ್ಲೆಂಡಿನ ಜನರನ್ನು ಕೇಳಿದಾಗ ನೂರಕ್ಕೆ 66 ಮಂದಿ ಆ ನಿಷೇಧವನ್ನು ಸಂವಿಧಾನದಿಂದ ಕಿತ್ತುಹಾಕಿದರು. ಜನರಿಗೆ ಆ ಬುದ್ಧಿ ಇತ್ತು, ಅವರನ್ನು ಕೇಳುವುದಕ್ಕೆ ಒಂದು ಜೀವ ಹೋಗಬೇಕಾಯಿತು. ಟೆಕ್ಸಾಸ್‌ನಲ್ಲೂ ಹಾಗಾಗುವುದು ಬೇಡ ಅಂತಲೇ ನಾನು ಪ್ರತಿ ಪ್ರೈಮರಿಗೂ ಹೋಗಿ ವೋಟು ಹಾಕುತ್ತೇನೆ, ಗೊತ್ತಿರುವವರನ್ನೆಲ್ಲ ಹೊರಡಿಸುತ್ತೇನೆ.

ನೀನು ಮಾಡಬೇಕಾದ್ದು ಇಷ್ಟು. ಗರ್ಭ ನಿಂತಿತು ಅಂತ ಅನುಮಾನ ಬಂದ ಕೂಡಲೇ ಡಾಕ್ಟರ ಹತ್ತಿರ ಹೋಗು. ಮಗುವಿಗೆ ವರ್ಣತಂತು ದೋಷವಿದೆಯೇ ಅಂತ ನೋಡುವ ಹತ್ತನೇ ವಾರದ ರಕ್ತಪರೀಕ್ಷೆ ತಪ್ಪಿಸಬೇಡ; ದೊಡ್ಡ ಸ್ಕ್ಯಾನು ಬರುವುದು 20ನೇ ವಾರದ ಸುಮಾರಿಗೆ. (ಗಂಡೋ ಹೆಣ್ಣೋ ಅಂತ ಇಲ್ಲಿ ಅವರೇ ಹೇಳಿಬಿಡುತ್ತಾರೆ, ನಮ್ಮೂರಿನ ಹಾಗೆ ನಿಷೇಧವಿಲ್ಲ. ಬೇಡ ಅನಿಸಿದರೆ ಮೊದಲೇ ತಿಳಿಸು.) ರಕ್ತ ಕಂಡರೆ, ನೀರು ಹೋದರೆ, ಜ್ವರ ಬಂದರೆ ತಡಮಾಡದೆ ಎಮರ್ಜೆನ್ಸಿಗೆ ಹೋಗು, ಒಂದನ್ನೂ ಮುಚ್ಚಿಡಬೇಡ. ಟೆಕ್ಸಾಸ್‌ನ ನಿಷೇಧ ಶಿಕ್ಷಿಸುವುದು ವೈದ್ಯರನ್ನು, ಗರ್ಭಿಣಿಯನ್ನಲ್ಲ. ತಾನಾಗೇ ಗರ್ಭ ಹೋಗಿದ್ದರೆ ಅದರ ಚಿಕಿತ್ಸೆಗೂ, ನಳಿಕೆಯಲ್ಲಿ ನಿಂತ ಗರ್ಭದ ಚಿಕಿತ್ಸೆಗೂ ತಡೆಯಿಲ್ಲ. ಅಕ್ಕಪಕ್ಕದ ಒಕ್ಲಹೋಮ, ಆರ್ಕನ್ಸಾ, ಲೂಸಿಯಾನ ಮೂರರಲ್ಲೂ ನಿಷೇಧವೇ. ಬೇಕಾಗಿ ಬಂದರೆ ಕಾನ್ಸಸ್‌ನ ವಿಚಿಟಾ, ಕಾರಿನಲ್ಲಿ ಐದಾರು ಗಂಟೆ. ಇಲ್ಲವೇ ನ್ಯೂ ಮೆಕ್ಸಿಕೋ, ಅಲ್ಲಿಗೆ ವಿಮಾನವೇ ವಾಸಿ. ಆ ಖರ್ಚಿಗೆ ಅಂತ ಸ್ವಲ್ಪ ದುಡ್ಡು ಬೇರೆ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಡ್ರೈವಿಂಗ್ ಲೈಸೆನ್ಸಿನ ಫಾರ್ಮಿನಲ್ಲಿ ಮತದಾರರಾಗಿ ನೋಂದಾಯಿಸಬೇಕೇ ಅಂತ ಕೇಳಿರುತ್ತಾರೆ. ಇಲ್ಲ ಅಂತಲೇ ಗುರುತು ಹಾಕಿ, ಇಬ್ಬರೂ. ಪೌರತ್ವ ಇಲ್ಲದವರು ವೋಟು ಹಾಕಿದರೆ ಗಡಿಪಾರಾಗುವಷ್ಟು ದೊಡ್ಡ ತಪ್ಪು.

ಡಾಕ್ಟರನ್ನು ಆರಿಸುವಾಗ ಮೊದಲ ಭೇಟಿಯಲ್ಲೇ ಸಂಕೋಚವಿಲ್ಲದೆ ಕೇಳು: "ಹದಿನೆಂಟನೇ ವಾರದಲ್ಲಿ ನೀರು ಒಡೆದರೆ ನಿಮ್ಮ ಆಸ್ಪತ್ರೆಯಲ್ಲಿ ಏನು ಮಾಡುತ್ತೀರಿ?" ನೇರವಾಗಿ ಉತ್ತರ ಕೊಡುವವರು ಇದ್ದಾರೆ, ಮಾತು ಹಾರಿಸುವವರೂ ಇದ್ದಾರೆ. ಹಾರಿಸಿದರೆ ಬೇರೆಯವರನ್ನು ನೋಡು. ಮನೆ ಯಾವ ಕಡೆ ಅಂತ ಗೊತ್ತಾದ ಮೇಲೆ ತಿಳಿಸು. ಇತ್ತೀಚೆಗೆ ಹೆರಿಗೆಯಾದ ಗೆಳತಿಯರನ್ನು ವಿಚಾರಿಸಿ ಒಂದೆರಡು ಹೆಸರು ಕೊಡುತ್ತೇನೆ.